ಪಾಲಿಶ್ ಮುಗಿದರೂ ಕಲ್ಲಿನ ಮೇಲೆ ಬಿಳಿ ಉಳಿದಿದೆಯಾ? ಕಾರಣ ಹುಡುಕುವ ಬಗೆ

ಕಲ್ಲುಗಳನ್ನು ಟಂಬ್ಲರಿಗೆ ಹಾಕಿ ಹತ್ತು ದಿನ ಪಾಲಿಶ್ ಹಂತದಲ್ಲಿ ಉರುಳಿಸಿ, ಡಬ್ಬಿಯ ಮುಚ್ಚಳ ತೆಗೆದು, ನಲ್ಲಿ ಕೆಳಗೆ ಹಿಡಿದರೆ ಕಲ್ಲು ಗಾಜಿನ ಹಾಗೆ ಮಿರುಗುತ್ತದೆ. ಮನೆಯವರನ್ನೆಲ್ಲ ಕರೆದು ತೋರಿಸುತ್ತೀರಿ. ಹಳೇ ಪೇಪರ್ ಮೇಲೆ ಹರವಿ, ಕಾಫಿ ಕುಡಿದು ಬರುವಷ್ಟರಲ್ಲಿ ಅದೇ ಕಲ್ಲು ವಿಭೂತಿ ಬಳಿದುಕೊಂಡು ಕೂತಿರುತ್ತದೆ.

ಟಂಬ್ಲರ್ ಅಂದ ಕೂಡಲೇ ನಮ್ಮಲ್ಲಿ ಕಾಫಿ ಲೋಟ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಕಲ್ಲು ಉರುಳಿಸುವ ಯಂತ್ರ. ಒಂದು ರಬ್ಬರ್ ಡಬ್ಬಿ, ಅದರ ಕೆಳಗೆ ಎರಡು ರೋಲರ್, ಪಕ್ಕದಲ್ಲಿ ಪುಟ್ಟ ಮೋಟರ್, ಅಷ್ಟೆ. ಡಬ್ಬಿಗೆ ಕಲ್ಲು, ನೀರು, ಉಜ್ಜುಪುಡಿ ಹಾಕಿ ಉರುಳಿಸುವುದು. ಪುಡಿಯ ನಂಬರ್ ಹೆಚ್ಚಾದಷ್ಟೂ ಅದು ನುಣ್ಣಗೆ. ಮೊದಲು 60/90 ಸಿಲಿಕಾನ್ ಕಾರ್ಬೈಡ್, ಆಮೇಲೆ 120/220, ಆಮೇಲೆ 500, ಕೊನೆಗೆ ಅಲ್ಯೂಮಿನಿಯಂ ಆಕ್ಸೈಡ್ ಪಾಲಿಶ್. ಒಂದೊಂದು ಹಂತಕ್ಕೂ ಒಂದು ವಾರ, ಕೆಲವೊಮ್ಮೆ ಜಾಸ್ತಿ.

ಕೊನೆಯ ಹಂತದ ಆ ಬಿಳಿ ಪುಡಿ ಮಾಣಿಕ್ಯದ ನೆಂಟ. ನಮ್ಮ ಕುರುವಿಂದದ ಕಲ್ಲೂ ಅಲ್ಯೂಮಿನಿಯಂ ಆಕ್ಸೈಡೇ. ಗಡಸುತನ ಅಳೆಯುವ 1ರಿಂದ 10ರ ಮೋಸ್ ಪಟ್ಟಿಯಲ್ಲಿ ಅದಕ್ಕೆ 9, ನಾವು ಉರುಳಿಸುವ ಅಗೇಟ್ ಕಲ್ಲಿಗೆ ಸುಮಾರು 7. ಅದು ನೀರಿನಲ್ಲಿ ಕರಗುವುದಿಲ್ಲ, ವಿನೆಗರ್‌ನಲ್ಲಿ ಕರಗುವುದಿಲ್ಲ, ನಿಂಬೆಹಣ್ಣಿಗೂ ಜಗ್ಗುವುದಿಲ್ಲ. ಇದೊಂದು ತಲೆಯಲ್ಲಿದ್ದರೆ ಅರ್ಧ ಕಷ್ಟ ತಪ್ಪುತ್ತದೆ. ಪಾಲಿಶ್ ಪುಡಿಯನ್ನು ಕರಗಿಸುವ ಮಾತೇ ಇಲ್ಲ, ಕದಲಿಸಿ ಹೊರಗೆ ತರಬೇಕು. ಇನ್ನು ಯಾವ ಬಿಳಿ ಹುಳಿಗೆ ಕರಗಿತೋ ಅದು ಪಾಲಿಶ್ ಪುಡಿಯೇ ಅಲ್ಲ, ಬೇರೇನೋ.

ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಸಲ ಅದು ಬೇರೇನೋ ಆಗಿರುತ್ತದೆ. ಹಾಗಾಗಿ ಬ್ರಶ್ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಬಿಳಿ ಕಲ್ಲಿನ ಮೇಲೆ ಕೂತಿದೆಯೋ, ಕಲ್ಲಿನೊಳಗೇ ಇದೆಯೋ?

ತೊಳೆಯುವ ಮುಂಚೆ ಐದು ನಿಮಿಷ

ಕಲ್ಲನ್ನು ಪೂರ್ತಿ ಒಣಗಿಸಿ. ಒದ್ದೆ ಕಲ್ಲು ಯಾವಾಗಲೂ ಸುಳ್ಳು ಹೇಳುತ್ತದೆ. ಗೀರು, ಪೊರೆ, ಪುಡಿ ಎಲ್ಲವನ್ನೂ ನೀರು ಮುಚ್ಚಿಬಿಡುತ್ತದೆ. ಬಿರುಕಿದ್ದರೆ ಒಂದು ರಾತ್ರಿ ಪೂರ್ತಿ ಬಿಡಿ, ಒಳಗಿನ ತೇವ ಆರಲು ಸಮಯ ಬೇಕು.

ಒಣಗಿದ ಮೇಲೆ ಟ್ಯೂಬ್‌ಲೈಟ್ ಕೆಳಗೆ ಹಿಡಿಯಿರಿ. ಕಲ್ಲಿನ ಮೈಮೇಲೆ ಟ್ಯೂಬ್‌ಲೈಟಿನ ಬಿಂಬ ಕಾಣಬೇಕು. ಅದರ ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ಚೂಪಾಗಿದ್ದರೆ ಪಾಲಿಶ್ ಚೆನ್ನಾಗಿ ಹಿಡಿದಿದೆ. ಅಂಚು ಹತ್ತಿಯ ಹಾಗೆ ಕದಡಿದ್ದರೆ ಅಲ್ಲಿ ಪೊರೆ ಇದೆ, ಇಲ್ಲವೇ ಹೊಳಪೇ ಬಂದಿಲ್ಲ.

ಕೊನೆಗೆ ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಂಡು, ತುದಿ ಒದ್ದೆ ಮಾಡಿ ಬಿಳಿ ಇರುವ ಜಾಗವನ್ನು ಕೆದಕಿ. ತುದಿಗೆ ಬಿಳಿ ಕೆಸರು ಮೆತ್ತಿದರೆ ಅದು ಕಲ್ಲಿನ ಮೇಲೆ ಕೂತಿರುವುದು, ಹೋಗುತ್ತದೆ. ಎಷ್ಟು ಕೆದಕಿದರೂ ಕಡ್ಡಿ ಸ್ವಚ್ಛವಾಗಿಯೇ ಬಂದರೆ ಅದು ಕಲ್ಲಿನೊಳಗಿನದು. ಸೂಜಿ, ಸೇಫ್ಟಿ ಪಿನ್ ಬೇಡ. ಅಗೇಟ್ ಉಕ್ಕಿಗಿಂತ ಗಟ್ಟಿ, ಆದ್ದರಿಂದ ಸೂಜಿಯೇ ಸವೆದು ಕಲ್ಲಿನ ಮೇಲೆ ಬೂದು ಗೆರೆ ಬಿಡುತ್ತದೆ. ಆಮೇಲೆ ಅದನ್ನು ತೆಗೆಯುವುದು ಇನ್ನೊಂದು ತಲೆನೋವು.

ಇಡೀ ಕಲ್ಲು ಮಂಜು ಕವಿದ ಹಾಗಿದೆ

ಒಂದೇ ಜಾಗ ಅಂತಿಲ್ಲ, ಮೈಯೆಲ್ಲ ಮಬ್ಬು. ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಉಗುರು ಬೆಚ್ಚಗಿನ ನೀರು, ಹಳೇ ಟೂತ್‌ಬ್ರಶ್. ಒಂದೇ ಒಂದು ಕಲ್ಲನ್ನು ಒಂದು ನಿಮಿಷ ತಿಕ್ಕಿ ಒಣಗಿಸಿ ನೋಡಿ. ಇಡೀ ಬುಟ್ಟಿಯನ್ನು ತಿಕ್ಕಲು ಕೂರಬೇಡಿ. ಮಬ್ಬು ಹೋದರೆ ಸುಲಭದಲ್ಲಿ ಬಚಾವಾದಿರಿ. ಪಾಲಿಶ್ ಮುಗಿದ ಮೇಲೆ ಸರಿಯಾಗಿ ತೊಳೆದಿರಲಿಲ್ಲ, ಅಷ್ಟೆ.

ಹೋಗದಿದ್ದರೆ ಒಂದು ಹಳೇ ಜೀನ್ಸ್ ತುಂಡು ತೊಗೊಳ್ಳಿ. ಅದನ್ನು ಒದ್ದೆ ಮಾಡಿ, ಚಿಟಿಕೆ ಪಾಲಿಶ್ ಪುಡಿ ಉದುರಿಸಿ, ಕಲ್ಲಿನ ಒಂದು ಮೂಲೆಯನ್ನು ಎರಡು ನಿಮಿಷ ಜೋರಾಗಿ ಉಜ್ಜಿ. ತೊಳೆದು, ಒಣಗಿಸಿ, ಟ್ಯೂಬ್‌ಲೈಟ್ ಕೆಳಗೆ ಹಿಡಿಯಿರಿ. ಆ ಮೂಲೆ ಉಳಿದ ಭಾಗಕ್ಕಿಂತ ಹೆಚ್ಚು ಹೊಳೆದರೆ ಕಲ್ಲಿನ ತಪ್ಪಿಲ್ಲ. ನಿಮ್ಮ ಪಾಲಿಶ್ ಹಂತದಲ್ಲೇ ಏನೋ ಎಡವಟ್ಟಾಗಿದೆ. ದಿನ ಸಾಲದೆ ಹೋಗಿರಬಹುದು, ಪುಡಿ ಕಡಿಮೆ ಬಿದ್ದಿರಬಹುದು, ಡಬ್ಬಿ ಅರ್ಧಕ್ಕಿಂತ ಖಾಲಿ ಇದ್ದಿರಬಹುದು. ಹೊಸ ಪುಡಿ ಹಾಕಿ ಇನ್ನೊಂದು ವಾರ ಓಡಿಸಿ.

ಉಜ್ಜಿದ ಮೂಲೆಯೂ ಮಬ್ಬಾಗಿಯೇ ಉಳಿದರೆ ಎರಡು ಸಾಧ್ಯತೆ. 500ರ ಹಂತ ಸರಿಯಾಗಿ ಮುಗಿದಿಲ್ಲ, ಅಥವಾ ಆ ಕಲ್ಲಿಗೆ ಹೊಳೆಯುವ ಗುಣವೇ ಇಲ್ಲ. ಮರಳುಗಲ್ಲನ್ನು ಎಷ್ಟು ತಿಂಗಳು ಉರುಳಿಸಿದರೂ ಅದು ಮರಳುಗಲ್ಲೇ.

ಒಣಗಿದ ಮೇಲೆ ಉಂಗುರ, ಚುಕ್ಕೆ, ಸುಣ್ಣದಂಥ ಗೆರೆ

ಇದು ನಮ್ಮ ಬೋರ್‌ವೆಲ್ ನೀರಿನ ಸಹಿ. ಸ್ಟೀಲ್ ನಲ್ಲಿಯ ಮೇಲೆ, ಗೀಸರ್ ಕಾಯಿಲ್ ಮೇಲೆ ಕೂರುತ್ತದಲ್ಲ, ಅದೇ ಉಪ್ಪು. ನೀರಿನ ಹನಿ ಆರುತ್ತಾ ಹೋದ ಹಾಗೆ ಅದರ ಅಂಚಿನಲ್ಲಿ ಕ್ಯಾಲ್ಸಿಯಂ ಉಳಿದು ಉಂಗುರವಾಗುತ್ತದೆ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಯಲ್ಲಿ ತೊಳೆದ ಕಲ್ಲಿಗೂ, ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟಿನಲ್ಲಿ ತೊಳೆದ ಕಲ್ಲಿಗೂ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ.

ಖರ್ಚಿಲ್ಲದ ಪರೀಕ್ಷೆ: ಆರ್‌ಓ ಫಿಲ್ಟರ್ ನೀರಿನಲ್ಲಿ ಅಥವಾ ಹಿಡಿದಿಟ್ಟ ಮಳೆನೀರಿನಲ್ಲಿ ಕಲ್ಲನ್ನು ಅದ್ದಿ, ಗಾಳಿಯಲ್ಲಿ ಆರಲು ಬಿಡದೆ ಹತ್ತಿ ಬಟ್ಟೆಯಲ್ಲಿ ಒರೆಸಿ. ಹೊಸ ಉಂಗುರ ಬರದಿದ್ದರೆ ಕಾರಣ ನೀರೇ.

ಹಳೇ ಉಂಗುರಕ್ಕೆ ಅಡುಗೆ ವಿನೆಗರ್ ಸಾಕು. ಅಷ್ಟೇ ನೀರು ಬೆರೆಸಿ, ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆಯಿರಿ. ಆದರೆ ಮೊದಲು ಕಲ್ಲು ಯಾವುದು ಅಂತ ಗೊತ್ತಿರಬೇಕು. ಅಗೇಟ್, ಜಾಸ್ಪರ್, ಸ್ಫಟಿಕ ಆದರೆ ಭಯವಿಲ್ಲ. ಸುಣ್ಣದ ಜಾತಿಯ ಕಲ್ಲಾದರೆ ವಿನೆಗರ್ ಅದರ ಹೊಳಪನ್ನೇ ತಿಂದುಹಾಕುತ್ತದೆ. ಕಲಬುರಗಿ ಕಡೆ ಹೊಳೆ ದಂಡೆಯಲ್ಲಿ ಕಲ್ಲು ಆರಿಸಿಕೊಂಡವರ ಚೀಲದಲ್ಲಿ ಶಹಾಬಾದ್ ಕಲ್ಲಿನ ಚೂರು ಸೇರಿಯೇ ಇರುತ್ತದೆ, ಅದು ಅಪ್ಪಟ ಸುಣ್ಣಗಲ್ಲು. ಅಮೃತಶಿಲೆಯೂ ಅಷ್ಟೆ. ಕಲ್ಲಿನ ಅಡಿಭಾಗಕ್ಕೆ ಒಂದು ಹನಿ ವಿನೆಗರ್ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಗುಳ್ಳೆ ಎದ್ದರೆ ತಕ್ಷಣ ತೊಳೆದು ಪಕ್ಕಕ್ಕಿಡಿ, ಆ ಕಲ್ಲಿಗೆ ಯಾವ ಹುಳಿಯೂ ಬೇಡ.

ಇನ್ನೊಂದು ಮಾತು. ವಿನೆಗರ್ ಹಾಕಿ ಟಂಬ್ಲರ್ ಡಬ್ಬಿಯ ಮುಚ್ಚಳ ಬಿಗಿದು ಓಡಿಸಬೇಡಿ. ಒಳಗೆ ಸುಣ್ಣದಂಶವಿದ್ದರೆ ಗ್ಯಾಸ್ ತುಂಬಿ ಮುಚ್ಚಳ ಹಾರುತ್ತದೆ.

ಉಂಗುರದ ಬದಲು ಜಿಡ್ಡಿನಂಥ ಪೊರೆ, ಮುಟ್ಟಿದರೆ ಸ್ವಲ್ಪ ಜಾರು, ಬೆರಳಚ್ಚು ಮೂಡುತ್ತದೆ ಅಂದರೆ ಅದು ಸೋಪು. ಪಾಲಿಶ್ ಆದ ಮೇಲೆ ಸೋಪ್ ತುರಿದು ಹಾಕಿ ಉರುಳಿಸುವ ಪದ್ಧತಿ ಇದೆ. ಮೃದು ನೀರು ಇರುವ ಕಡೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಮ್ಮ ಗಡಸು ನೀರಿನಲ್ಲಿ ಬಾರ್ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಬಕೆಟ್ ಅಂಚಿನಲ್ಲಿ ಕಟ್ಟುವ ಬೂದು ಕೊಳೆಯಾಗುತ್ತದೆ. ಕಲ್ಲು ತೊಳೆಯಲು ಹೋಗಿ ಕಲ್ಲಿಗೆ ಕೊಳೆ ಹಚ್ಚಿದ ಹಾಗೆ. ಪಾತ್ರೆ ಲಿಕ್ವಿಡ್ ಬಳಸಿದರೆ ಈ ರಗಳೆ ಇಲ್ಲ. ಅಂಟುವಾಳಕಾಯಿ ನೆನೆಸಿದ ನೀರಿನಲ್ಲೂ ನಾನು ತೊಳೆದು ನೋಡಿದ್ದೇನೆ. ಅಕ್ಕಸಾಲಿಗರು ಒಡವೆ ತೊಳೆಯುವುದೂ ಅದರಲ್ಲೇ ಅಲ್ವಾ. ಪೊರೆ ಹೋಯಿತು. ಗುಳಿಯೊಳಗಿನ ಪುಡಿ ಮಾತ್ರ ಅಲ್ಲಾಡಲಿಲ್ಲ.

ಗುಳಿ, ಬಿರುಕುಗಳಲ್ಲಿ ಮಾತ್ರ ಬಿಳಿ

ಇದೇ ಅಸಲಿ ರೋಗ. ಮೈಯೆಲ್ಲ ಕನ್ನಡಿ, ನಡುವೆ ಒಂದು ಸೂಜಿಮೊನೆಯಷ್ಟು ಗುಳಿ, ಅದರ ತುಂಬ ಅಕ್ಕಿಹಿಟ್ಟು. ಕೆಂಪು ಕಾರ್ನೀಲಿಯನ್ ಅಥವಾ ಕಪ್ಪು ಜಾಸ್ಪರ್ ಆದರಂತೂ ಕಣ್ಣಿಗೆ ಚುಚ್ಚುತ್ತದೆ.

ಉತ್ತರ ಕರ್ನಾಟಕದ ಕಪ್ಪು ಕಲ್ಲು ಒಂದು ಕಾಲದ ಲಾವಾ. ಅದರಲ್ಲಿದ್ದ ಗಾಳಿಗುಳ್ಳೆಗಳಿಗೆ ಸಿಲಿಕಾ ಇಳಿದು ಪದರ ಪದರವಾಗಿ ಕಟ್ಟಿದ್ದೇ ನಮ್ಮ ಹೊಳೆದಂಡೆಯ ಅಗೇಟ್. ಕೆಲವು ಪೂರ್ತಿ ತುಂಬಿರುತ್ತವೆ. ಕೆಲವುದರ ನಡುವೆ ಪುಟ್ಟ ಪೊಳ್ಳು ಉಳಿದು ಅದರಲ್ಲಿ ಸಕ್ಕರೆ ಹರಳಿನಂಥ ಸ್ಫಟಿಕ ಇರುತ್ತದೆ. ಪಾಲಿಶ್ ಪುಡಿಗೆ ಅದಕ್ಕಿಂತ ಒಳ್ಳೆಯ ಗೂಡು ಬೇಕೆ?

ಪುಡಿ ಒದ್ದೆ ಇದ್ದಾಗ ತೆಗೆಯುವುದು ಸುಲಭ, ಒಣಗಿದ ಮೇಲೆ ಗಾರೆಯ ಹಾಗೆ ಹಿಡಿದುಕೊಳ್ಳುತ್ತದೆ. ನನಗೆ ಇದು ತಿಳಿದದ್ದು ಒಂದು ಮದುವೆಗೆ ಊರಿಗೆ ಹೋಗಿದ್ದಾಗ. ಪಾಲಿಶ್ ಹಂತದಲ್ಲಿ ಯಂತ್ರ ಓಡುತ್ತಿತ್ತು, ನಾನು ಹೋದ ದಿನವೇ ಮನೆಯ ಟ್ರಿಪ್ಪರ್ ಬಿದ್ದಿದೆ. ಮುಚ್ಚಳ ಬೇರೆ ಸರಿಯಾಗಿ ಕೂತಿರಲಿಲ್ಲ. ಐದು ದಿನ ಬಿಟ್ಟು ಬಂದು ತೆಗೆದರೆ ಒಳಗಿದ್ದದ್ದು ಕಲ್ಲು ಬರ್ಫಿ. ಆ ಬ್ಯಾಚಿನ ಒಂದು ಕಲ್ಲು ಈಗಲೂ ನನ್ನ ಮೇಜಿನ ಮೇಲಿದೆ, ಹೊಟ್ಟೆಯಲ್ಲಿ ಬಿಳಿ ಇಟ್ಟುಕೊಂಡು. ಹಾಗಾಗಿ ಡಬ್ಬಿ ತೆಗೆದ ಕೂಡಲೇ ಕಲ್ಲುಗಳನ್ನು ನೀರಿನ ಬಕೆಟ್ಟಿಗೆ ಹಾಕಿ. ಮುಂದಿನದ್ದೆಲ್ಲ ಆಮೇಲೆ.

ಈಗ ಹಿಡಿದುಕೊಂಡುಬಿಟ್ಟಿದೆ ಅಂತಿಟ್ಟುಕೊಳ್ಳಿ. ಎರಡು ದಿನ ನೀರಿನಲ್ಲಿ ನೆನೆಯಲಿ, ಜೊತೆಗೆ ಎರಡು ಹನಿ ಪಾತ್ರೆ ಲಿಕ್ವಿಡ್. ಗಟ್ಟಿಯಾದದ್ದು ಸ್ವಲ್ಪ ಮೆತ್ತಗಾಗುತ್ತದೆ. ಆಮೇಲೆ ನೀರಿನೊಳಗೇ ಹಿಡಿದು ಪೊರಕೆ ಕಡ್ಡಿಯಿಂದ ಕೆದಕಿ. ಕಡ್ಡಿ ದಪ್ಪವಾದರೆ ಹಲ್ಲಿನ ಸಂದಿ ಉಜ್ಜುವ ಪುಟ್ಟ ಬ್ರಶ್ ಸಿಗುತ್ತದೆ ಮೆಡಿಕಲ್ ಶಾಪಿನಲ್ಲಿ, ಅದು. ಅಲ್ಲೇ ಸೂಜಿಯಿಲ್ಲದ 10 ಮಿ.ಲೀ. ಸಿರಿಂಜನ್ನೂ ಕೇಳಿ ತನ್ನಿ. ನೀರು ತುಂಬಿಸಿ, ಗುಳಿಗೆ ಓರೆಯಾಗಿ ಹಿಡಿದು ಜೋರಾಗಿ ಒತ್ತಿ. ನೆಟ್ಟಗೆ ಹೊಡೆದರೆ ಪುಡಿ ಇನ್ನೂ ಒಳಗೆ ಹೋಗುತ್ತದೆ, ಓರೆಯಾಗಿ ಹೊಡೆದರೆ ಸುತ್ತಿಕೊಂಡು ಹೊರಗೆ ಬರುತ್ತದೆ. ಸುಮ್ನೆ ಹೇಳುತ್ತಿಲ್ಲ, ಒಂದು ಕಲ್ಲಿನ ಮೇಲೆ ಎರಡೂ ಮಾಡಿ ನೋಡಿ.

ಈ ಕೆಲಸವನ್ನು ಒಣ ಕಲ್ಲಿನ ಮೇಲೆ ಮಾಡಲೇಬೇಡಿ. ಒಣ ಬ್ರಶ್, ಕಂಪ್ರೆಸರ್ ಗಾಳಿ, ಬಾಯಿಂದ ಊದುವುದು, ಮೂರೂ ಬೇಡ. ಗುಳಿಯಲ್ಲಿ ಇರುವುದು ಪಾಲಿಶ್ ಪುಡಿ ಮಾತ್ರ ಅಲ್ಲ, ಸವೆದ ಕಲ್ಲಿನ ಸಿಲಿಕಾ ದೂಳೂ ಅದರಲ್ಲಿದೆ. ಗುಜರಾತಿನ ಖಂಭಾತ್‌ನಲ್ಲಿ ಹರಪ್ಪ ಕಾಲದಿಂದಲೂ ಅಗೇಟ್ ಮಣಿಯ ಕಸುಬು ನಡೆದುಕೊಂಡು ಬಂದಿದೆ. ಹಿಂದೆ ಅಲ್ಲಿ ಮಣಿ, ಉಜ್ಜುಪುಡಿ, ನೀರು ಎಲ್ಲವನ್ನೂ ಚರ್ಮದ ಚೀಲಕ್ಕೆ ತುಂಬಿ, ಇಬ್ಬರು ಎದುರುಬದುರು ಕೂತು ಅತ್ತಿಂದಿತ್ತ ಉರುಳಿಸುತ್ತಿದ್ದರು. ನಮ್ಮ ಟಂಬ್ಲರಿನ ಮುತ್ತಜ್ಜ. ಅದೇ ಊರಿನಲ್ಲಿ ಕಲ್ಲು ಅರೆಯುವವರ ಶ್ವಾಸಕೋಶಕ್ಕೆ ದೂಳು ಹೊಕ್ಕು ಬರುವ ಸಿಲಿಕೋಸಿಸ್ ಕೂಡ ಹಳೇ ಪಿಡುಗು, ಮತ್ತು ಆ ಕಾಯಿಲೆ ಬಂದರೆ ವಾಸಿಯಾಗುವುದಿಲ್ಲ. ವಾರಕ್ಕೊಮ್ಮೆ ಹತ್ತು ಕಲ್ಲು ತೊಳೆಯುವ ನಮಗೆ ಅಷ್ಟು ಅಪಾಯ ಇಲ್ಲ, ನಿಜ. ಆದರೂ ನೀರಿನಲ್ಲಿ ಮಾಡಿದರೆ ಮುಗಿಯುವ ಕೆಲಸಕ್ಕೆ ದೂಳು ಎಬ್ಬಿಸುವುದು ಯಾಕೆ?

ಕಡ್ಡಿ, ಸಿರಿಂಜ್ ಎರಡಕ್ಕೂ ಬಗ್ಗದ ಬ್ಯಾಚಿಗೆ ಬಿಳಿಗಾರದ ಸ್ನಾನ. ಬೋರಾಕ್ಸ್ ಅಂತ ಗ್ರಂಥಿಗೆ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ. ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪೌಡರ್ ಬೇರೆ, ಅದಲ್ಲ. ಒಂದೂವರೆ ಕೆ.ಜಿ. ಹಿಡಿಯುವ ಡಬ್ಬಿಗೆ ಒಂದು ಟೇಬಲ್ ಚಮಚ, ಕಲ್ಲು ಮುಳುಗುವಷ್ಟು ಆರ್‌ಓ ನೀರು, ಜೊತೆಗೆ ಕಲ್ಲುಗಳ ನಡುವಿನ ಜಾಗ ತುಂಬಲು ಹಾಕುವ ಸಣ್ಣ ಸೆರಾಮಿಕ್ ತುಂಡುಗಳಿದ್ದರೆ ಅವೂ. ನಾಲ್ಕರಿಂದ ಎಂಟು ಗಂಟೆ ಓಡಿಸಿ. ಡಬ್ಬಿ ಪಾಲಿಶ್‌ಗೇ ಮೀಸಲಾದದ್ದಾಗಿರಲಿ, ಒರಟು ಪುಡಿ ಓಡಿಸಿದ ಡಬ್ಬಿಯ ಮುಚ್ಚಳದ ಸಂದಿಯಲ್ಲಿ ಒಂದು ಕಣ ಉಳಿದಿದ್ದರೂ ಹೊಳಪಿಗೆ ಗೀರು ಬೀಳುತ್ತದೆ. ಬಿಳಿಗಾರ ಹೊಟ್ಟೆಗೆ ಹೋಗಬಾರದು. ಅಳೆದ ಚಮಚ ಮತ್ತೆ ಅಡುಗೆಮನೆಗೆ ಬರಬಾರದು, ಡಬ್ಬ ಮಕ್ಕಳ ಕೈಗೆ ಸಿಗಬಾರದು.

ಅದಕ್ಕೂ ಬಗ್ಗದಿದ್ದರೆ ಅಲ್ಟ್ರಾಸೋನಿಕ್ ಕ್ಲೀನರ್. ಕನ್ನಡಕದ ಅಂಗಡಿಯಲ್ಲಿ, ಒಡವೆ ಅಂಗಡಿಯಲ್ಲಿ ಗುಂಯ್ ಅನ್ನುವ ಸ್ಟೀಲ್ ತೊಟ್ಟಿ ನೋಡಿರುತ್ತೀರಿ. ಅದರೊಳಗಿನ, ಕಿವಿಗೆ ಕೇಳದಷ್ಟು ಸೂಕ್ಷ್ಮ ಸದ್ದಿನ ಅಲೆಗಳಿಂದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ, ಬ್ರಶ್ ತಲುಪದ ಕಡೆಯ ಪುಡಿಯನ್ನು ಅವು ಕಿತ್ತು ತರುತ್ತವೆ. ನಾನು ಮೊದಲ ಸಲ ಹಾಕಿದಾಗ ಕಲ್ಲನ್ನು ಗಾಜಿನ ಲೋಟದ ನೀರಿನಲ್ಲಿಟ್ಟು ಲೋಟವನ್ನು ತೊಟ್ಟಿಗೆ ಇಳಿಸಿದ್ದೆ. ಸ್ವಿಚ್ ಹಾಕಿದ ಕ್ಷಣಕ್ಕೆ ಗುಳಿಯ ಬಾಯಿಂದ ಊದುಬತ್ತಿಯ ಹೊಗೆಯ ಹಾಗೆ ಬಿಳಿ ಎಳೆ ಹೊರಟಿತು. ಎಳೆ ನೇರವಾಗಿ ಕೆಳಗಿಳಿದು ಲೋಟದ ತಳದಲ್ಲಿ ಹರಡಿಕೊಂಡಿತು. ಮೂರು ನಿಮಿಷಕ್ಕೆ ಎಳೆ ತೆಳ್ಳಗಾಯಿತು, ಐದಕ್ಕೆ ನಿಂತಿತು. ನೀರು ಬದಲಿಸಿ ಮತ್ತೆ ಹಾಕಿದರೆ ಇನ್ನಷ್ಟು ಬಂತು. ಮೂರನೇ ಸಲಕ್ಕೆ ಏನೂ ಇಲ್ಲ. ಎಳೆ ನಿಂತ ಮೇಲೆ ಓಡಿಸುತ್ತಲೇ ಇದ್ದರೆ ಲಾಭವಿಲ್ಲ.

ಯಂತ್ರ ಕೊಳ್ಳಲೇಬೇಕೆಂದಿಲ್ಲ. ಪರಿಚಯದ ಒಡವೆ ಅಂಗಡಿಯವರು ಐದು ನಿಮಿಷಕ್ಕೆ ಬೇಡ ಅನ್ನಲಾರರು. ಕಲ್ಲನ್ನು ತಳಕ್ಕೆ ತಾಗಿಸಿ ಇಡಬೇಡಿ, ಲೋಟದಲ್ಲೋ ಜಾಲರಿಯಲ್ಲೋ ಇಡಿ. ಓಡುವಾಗ ನೀರಿಗೆ ಬೆರಳು ಹಾಕಬೇಡಿ. ಓಪಲ್, ಟರ್ಕ್ವಾಯಿಸ್, ಪಚ್ಚೆ, ಮತ್ತು ಈಗಾಗಲೇ ಉದ್ದಕ್ಕೆ ಬಿರುಕು ಬಿಟ್ಟ ಯಾವ ಕಲ್ಲನ್ನೂ ಇದಕ್ಕೆ ಹಾಕಬೇಡಿ, ಎರಡು ಹೋಳಾಗಿ ಬರಬಹುದು.

ತೊಳೆದಾಗ ಹೋಯಿತು, ಎರಡು ದಿನಕ್ಕೆ ಮತ್ತೆ ಬಂತು

ಬಿರುಕಿನ ಆಳದಲ್ಲಿ ಪುಡಿ ಇನ್ನೂ ಇದೆ ಅಂತ ಅರ್ಥ. ಒಳಗಿನ ನೀರು ನಿಧಾನಕ್ಕೆ ಆರುತ್ತಾ ಬಾಯಿಯ ಕಡೆಗೆ ಬರುತ್ತದೆ, ಬರುವಾಗ ಪುಡಿಯನ್ನೂ ಎಳೆದುಕೊಂಡು ಬರುತ್ತದೆ. ಹೊಸ ಗೋಡೆಯ ಮೇಲೆ ಉಪ್ಪು ಮೂಡಿದ ಹಾಗೆ. ಇದು ಕೆಟ್ಟ ಸುದ್ದಿ ಅಲ್ಲ. ನೆನೆಸುವುದು, ಸಿರಿಂಜ್, ಒಣಗಿಸುವುದು, ಮೂರನ್ನೂ ಮೂರ್ನಾಲ್ಕು ಸುತ್ತು ಮಾಡಿದರೆ ಪ್ರತಿ ಸಲ ಕಡಿಮೆಯಾಗುತ್ತದೆ. ಬೇಗ ಆರಲಿ ಅಂತ ಒಲೆ, ಓವನ್, ಹೇರ್ ಡ್ರೈಯರ್ ತೋರಿಸಬೇಡಿ. ಬಿಸಿಯಾದ ಅಗೇಟ್ ತಣ್ಣೀರು ತಾಕಿದರೆ ಟಪ್ ಅಂತ ಸೀಳುತ್ತದೆ.

ಕೊಬ್ಬರಿ ಎಣ್ಣೆ ಸವರುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಬಿಳಿ ಮಾಯವಾಗುತ್ತದೆ, ಸುಳ್ಳಲ್ಲ, ನೀರು ಮುಚ್ಚಿದ ಹಾಗೆ ಎಣ್ಣೆಯೂ ಮುಚ್ಚುತ್ತದೆ. ಆದರೆ ಎಣ್ಣೆಗೆ ದೂಳು ಅಂಟಿ, ಬಿಳಿ ಇದ್ದ ಜಾಗದಲ್ಲಿ ತಿಂಗಳೊಳಗೆ ಕಂದು ಕೊಳೆ. ಜೊತೆಗೆ ಆ ಕಲ್ಲನ್ನು ಮತ್ತೆ ತೊಳೆಯಬೇಕೆಂದರೆ ಮೊದಲು ಎಣ್ಣೆ ತೆಗೆಯುವ ಕೆಲಸ. ನನಗಂತೂ ಇದು ಇಷ್ಟವಿಲ್ಲ.

ಅಂಚುಗಳಲ್ಲಿ ಬಿಳಿ ಅರ್ಧಚಂದ್ರ, ಉಗುರಿನ ಗುರುತಿನಂಥದ್ದು

ಪೊರಕೆ ಕಡ್ಡಿಗೆ ಏನೂ ಬರುವುದಿಲ್ಲ. ಅಲ್ಟ್ರಾಸೋನಿಕ್ ಹಾಕಿದರೂ ಹಾಗೇ ಇರುತ್ತದೆ. 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿದರೆ ಪುಡಿ ಕಾಣುವುದಿಲ್ಲ, ಚರ್ಮದ ಕೆಳಗಿನ ಪೆಟ್ಟಿನ ಹಾಗೆ ಬಾಗಿದ ಸಣ್ಣ ಸೀಳುಗಳು ಕಾಣುತ್ತವೆ. ಇದು ಪಾಲಿಶ್ ಉಳಿಕೆ ಅಲ್ಲವೇ ಅಲ್ಲ. ಡಬ್ಬಿಯೊಳಗೆ ಕಲ್ಲಿಗೆ ಕಲ್ಲು ಗುದ್ದಿ ಆದ ಗಾಯ.

ಎಷ್ಟೋ ಜನ ಇದನ್ನೇ ವಾರಗಟ್ಟಲೆ ತೊಳೆಯುತ್ತಾರೆ, ನಾನೂ ತೊಳೆದವನೇ. ತೊಳೆದರೆ ಹೋಗುವುದಲ್ಲ ಇದು. ಕಲ್ಲನ್ನು 120/220ರ ಹಂತಕ್ಕೆ ವಾಪಸ್ ಕಳಿಸಬೇಕು, ಗಾಯ ಆಳವಾಗಿದ್ದರೆ 60/90ಕ್ಕೇ. ಈ ಸಲ ಡಬ್ಬಿ ಮುಕ್ಕಾಲು ತುಂಬಿರಲಿ, ದೊಡ್ಡ ಕಲ್ಲುಗಳ ನಡುವೆ ಸಣ್ಣ ಕಲ್ಲು ಅಥವಾ ಸೆರಾಮಿಕ್ ತುಂಡು ಜಾಸ್ತಿ ಇರಲಿ. ಡಬ್ಬಿಯ ಸದ್ದು ಕೇಳಿಸಿಕೊಳ್ಳಿ. ಸಮುದ್ರದಂಡೆಯಲ್ಲಿ ಅಲೆ ಹಿಂದಕ್ಕೆ ಹೋಗುವಾಗ ಬರುವಂಥ ಸರಸರ ಸದ್ದಿದ್ದರೆ ಸರಿ. ಟಕ್ ಟಕ್ ಅಂತ ಕುಟ್ಟಿದ ಸದ್ದು ಬಂದರೆ ಒಳಗೆ ಜಾಗ ಹೆಚ್ಚಾಗಿದೆ.

ಗುಳಿಯಲ್ಲಿ ಬಿಳಿ ಅಲ್ಲ, ಬೂದು ಅಥವಾ ಕಪ್ಪು

ಇದು ಹಿಂದಿನ ಹಂತದ ಸಿಲಿಕಾನ್ ಕಾರ್ಬೈಡ್. ಅಂದರೆ ಪಾಲಿಶ್‌ಗೆ ಹಾಕುವ ಮೊದಲು ಕಲ್ಲು ಸ್ವಚ್ಛವಾಗಿರಲಿಲ್ಲ. ತೆಗೆಯುವ ದಾರಿ ಬಿಳಿಗೆ ಹೇಳಿದ್ದೇ. ಆದರೆ ಮೊದಲು ಅದೇ ಬ್ಯಾಚಿನ ಉಳಿದ ಕಲ್ಲುಗಳನ್ನು ಟ್ಯೂಬ್‌ಲೈಟ್ ಕೆಳಗೆ ನೋಡಿ. ಗುಳಿಯಿಂದ ಎರಡು ಕಣ ಬಿದ್ದಿದ್ದರೂ ಎಲ್ಲದರ ಮೇಲೂ ಕೂದಲಿನಂಥ ಗೀರು ಇರುತ್ತದೆ. ಗೀರಿದ್ದರೆ ಇಡೀ ಬ್ಯಾಚ್ 500ಕ್ಕೆ ವಾಪಸ್. ಪಾಲಿಶ್ ಪುಡಿಯ ಆ ಬಗ್ಗಡವನ್ನು ಮತ್ತೆ ಬಳಸುವ ಆಸೆ ಬಿಡಿ.

ಕೆಂಪು, ಗುಲಾಬಿ, ಕಂದು

ಪಾಲಿಶ್‌ಗೆ ಸೀರಿಯಂ ಆಕ್ಸೈಡ್ ಬಳಸಿದ್ದರೆ ಉಳಿಕೆ ತಿಳಿ ಗುಲಾಬಿಯೋ ಕಂದೋ ಆಗಿರುತ್ತದೆ. ಗಾಜು ಪಾಲಿಶ್ ಮಾಡುವವರ ಪುಡಿ ಅದು. ಕಡ್ಡಿಗೆ ಬರುತ್ತದೆ, ಸಿರಿಂಜಿಗೂ ಬರುತ್ತದೆ.

ಕಡ್ಡಿಗೆ ಬರದ ಕಂದು, ಬಿರುಕಿನ ಉದ್ದಕ್ಕೂ ಹರಿದ ಹಳದಿಗೆಂಪು, ಇದು ಕಬ್ಬಿಣದ ಕಲೆ. ಹೊಳೆಯ ಮಣ್ಣಿನಿಂದಲೇ ಬಂದದ್ದು. ನನಗೆ ಕೇಳಿದರೆ ಅದನ್ನು ಹಾಗೇ ಬಿಡಿ, ಎಷ್ಟೋ ಸಲ ಕಲ್ಲಿನ ಚೆಲುವೇ ಅದು. ತೆಗೆಯಲೇಬೇಕು ಅನ್ನುವವರು ಆಕ್ಸಾಲಿಕ್ ಆಸಿಡ್ ಬಳಸುತ್ತಾರೆ, ಮೊಸಾಯಿಕ್ ನೆಲ ಪಾಲಿಶ್ ಮಾಡುವವರ ಹತ್ತಿರ ಇರುವ ಬಿಳಿ ಹರಳು. ಅದು ವಿಷ. ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಪ್ಲಾಸ್ಟಿಕ್ ಬಕೆಟ್, ಬಯಲಿನಲ್ಲಿ ಕೆಲಸ, ಇದು ಕನಿಷ್ಠ. ಬಿಸಿ ಮಾಡಬಾರದು, ಪುಡಿ ಮೂಗಿಗೆ ಹೋಗಬಾರದು. ಬೋರ್‌ವೆಲ್ ನೀರಿನಲ್ಲಿ ಕಲಸಿದರೆ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಹೊಸ ಬಿಳಿ ಪುಡಿ ಹುಟ್ಟಿಕೊಳ್ಳುತ್ತದೆ. ಒಂದು ಬಿಳಿ ತೆಗೆಯಲು ಹೋಗಿ ಇನ್ನೊಂದು. ಮನೆಯಲ್ಲಿ ಚಿಕ್ಕ ಮಕ್ಕಳು, ನಾಯಿ ಬೆಕ್ಕು ಇದ್ದರೆ ಈ ದಾರಿಗೇ ಹೋಗಬೇಡಿ.

ಎಲ್ಲಿ ನಿಲ್ಲಿಸಬೇಕು

ಮೂರು ಸುತ್ತು ಅಲ್ಟ್ರಾಸೋನಿಕ್ ಆದ ಮೇಲೂ ಬಿಳಿ ಹಾಗೇ ಇದ್ದರೆ ನಿಲ್ಲಿಸಿ. ಅದು ಕಲ್ಲಿನದೇ ಬಣ್ಣ ಇರಬಹುದು. ಅಗೇಟಿನ ಸಿಪ್ಪೆಯ ಪದರ ಎಷ್ಟೋ ಸಲ ಸುಣ್ಣದಷ್ಟೇ ಬೆಳ್ಳಗಿರುತ್ತದೆ. ತೊಳೆಯುವಾಗ ಬಿರುಕು ಮೊದಲಿಗಿಂತ ಉದ್ದವಾದಂತೆ ಕಂಡರೂ ನಿಲ್ಲಿಸಿ.

ಹಸಿರು ಮಲಕೈಟ್ ಥರದ ತಾಮ್ರದ ಕಲ್ಲಾದರೆ ಕೆದಕುವುದು, ಹುಳಿ ಹಾಕುವುದು ಎರಡೂ ಬೇಡ, ದೂಳೂ ನೀರೂ ವಿಷ. ಬೆಲೆಬಾಳುವ ಕಲ್ಲು ಅಂತ ಅನುಮಾನ ಇದ್ದರೆ ಹರಳು ಕೊಯ್ಯುವವರ ಹತ್ತಿರ ಒಯ್ಯಿರಿ. ಅವರು ಗುಳಿ ಇರುವ ಮೈಯನ್ನೇ ಚಕ್ರಕ್ಕೆ ಹಿಡಿದು ಹತ್ತು ನಿಮಿಷದಲ್ಲಿ ಸವೆಸಿಬಿಡುತ್ತಾರೆ.

ಟಾಯ್ಲೆಟ್ ಆಸಿಡ್ ಹಾಕಿ ನೋಡೋಣ ಅನ್ನುವ ಯೋಚನೆ ಬಂದರೆ ಎದ್ದು ಹೋಗಿ ಮುಖ ತೊಳೆದುಕೊಂಡು ಬನ್ನಿ. ಪಾಲಿಶ್ ಪುಡಿಗೆ ಅದರಿಂದ ಏನೂ ಆಗುವುದಿಲ್ಲ. ಬ್ಲೀಚಿಂಗ್ ಜೊತೆ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಯಾವುದೇ ರಾಸಾಯನಿಕ ಕಣ್ಣಿಗೆ ಹಾರಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ.

ತೊಳೆದ ಬಗ್ಗಡ

ಸಿಂಕಿಗೆ ಸುರಿಯಬೇಡಿ. ನಾನು ಮೊದಲ ವರ್ಷ ಯುಟಿಲಿಟಿಯ ಮೋರಿಗೇ ಸುರಿಯುತ್ತಿದ್ದೆ. ಒಂದು ಭಾನುವಾರ ವಾಷಿಂಗ್ ಮೆಷಿನ್ ನೀರು ವಾಪಸ್ ಬಂದು ಅಡುಗೆಮನೆಯ ಹೊಸ್ತಿಲು ದಾಟಿತು. ಪ್ಲಂಬರ್ ಬಂದು ಪೈಪ್ ಕೊಯ್ದು ತೆಗೆದ ತುಂಡು ಬೂದು ಬಣ್ಣದ ಗಟ್ಟಿ ಕೊಳವೆಯಾಗಿತ್ತು. ನಡುವೆ ಪೆನ್ಸಿಲ್ ತೂರುವಷ್ಟು ತೂತು. ಸುತ್ತಿಗೆಯಲ್ಲಿ ಕುಟ್ಟಿ ನೋಡಿ, "ಯಾರ್ ಸಾರ್ ಇಲ್ಲಿ ಸಿಮೆಂಟ್ ಕಲ್ಸಿದ್ದು?" ಅಂದ.

ಈಗ ಒಂದು ಹಳೇ ಪೇಂಟ್ ಬಕೆಟ್ ಇಟ್ಟಿದ್ದೇನೆ. ಬಗ್ಗಡ ಅದಕ್ಕೆ, ರಾತ್ರಿ ತಳ ಹಿಡಿಯುತ್ತದೆ, ಬೆಳಿಗ್ಗೆ ಮೇಲಿನ ತಿಳಿ ನೀರನ್ನು ಬಗ್ಗಿಸಿ ಚೆಲ್ಲುತ್ತೇನೆ. ಬಿಳಿಗಾರ ಹಾಕಿದ ದಿನದ ನೀರು ಮಾತ್ರ ಗಿಡಗಳಿಗೆ ಹಾಕುವುದಿಲ್ಲ, ಬೋರಾನ್ ಜಾಸ್ತಿಯಾದರೆ ಎಲೆ ಸುಡುತ್ತದೆ. ತಳದ ಕೆಸರನ್ನು ಒಣಗಲು ಬಿಡದೆ ಒದ್ದೆ ಇರುವಾಗಲೇ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಕಟ್ಟಿ ಒಣಕಸದ ಜೊತೆ ಕೊಡುತ್ತೇನೆ.